ಐಸಿಯು ಬಾಗಿಲಲ್ಲಿ ಕೈಗಿಡುವ ಚೀಲ

ಯಾವ ಊರಿನ ಆಸ್ಪತ್ರೆಯಾದರೂ ಸರಿ, ಐಸಿಯು ಬಾಗಿಲಲ್ಲಿ ಒಂದು ವ್ಯವಹಾರ ತಪ್ಪದೇ ನಡೆಯುತ್ತದೆ. ರೋಗಿಯನ್ನು ಒಳಗೆ ಎಳೆದುಕೊಂಡು ಹೋದ ಸ್ವಲ್ಪ ಹೊತ್ತಿಗೆ ಸಿಸ್ಟರ್ ಒಬ್ಬರು ಹೊರಬಂದು ಮನೆಯವರ ಕೈಗೆ ಪ್ಲಾಸ್ಟಿಕ್ ಚೀಲವೊಂದನ್ನು ಇಡುತ್ತಾರೆ. ಒಳಗೆ ಕನ್ನಡಕ, ಹಲ್ಲಿನ ಸೆಟ್ಟು, ಕೈಗಡಿಯಾರ, ಕಿವಿಗೆ ಮಷೀನು ಹಾಕುವವರಾದರೆ ಅದು, ಮೊಬೈಲು, ತಾಳಿ ಅಥವಾ ಉಡಿದಾರ. ‘ಎಲ್ಲಾ ಇದೆಯಾ ನೋಡ್ಕೊಂಡು ಇಲ್ಲಿ ಸೈನ್ ಮಾಡಿ. ಸಂಜೆ ಐದರಿಂದ ಆರು, ಒಬ್ಬರು ಮಾತ್ರ.’ ಬಾಗಿಲು ಮುಚ್ಚಿಕೊಳ್ಳುತ್ತದೆ.

ಮಾರನೆಯ ದಿನವೋ ಅದರ ಮಾರನೆಯ ದಿನವೋ ಡಾಕ್ಟರು ಬಂದು ಇನ್ನೊಂದು ಮಾತು ಹೇಳುತ್ತಾರೆ. ‘ರಾತ್ರಿ ಸ್ವಲ್ಪ ಇರಿಟೇಬಲ್ ಆಗಿದ್ರು. ಟ್ಯೂಬ್ ಕೀಳೋಕೆ ಹೋದ್ರು. ಅದಕ್ಕೆ ಕೈ ಕಟ್ಟಿ, ಇಂಜೆಕ್ಷನ್ ಕೊಟ್ಟು ಮಲಗಿಸಿದ್ದೀವಿ.’ ಮನೆಯವರು ತಲೆಯಾಡಿಸುತ್ತಾರೆ. ವಯಸ್ಸಾದವರಲ್ಲವೇ, ಜ್ವರವಲ್ಲವೇ, ಆಸ್ಪತ್ರೆ ಹೊಸದಲ್ಲವೇ ಎಂದುಕೊಳ್ಳುತ್ತಾರೆ. ಮೊದಲ ದಿನ ಕೈಗೆ ಬಂದ ಚೀಲಕ್ಕೂ ಎರಡನೇ ದಿನ ಕಿವಿಗೆ ಬಿದ್ದ ಈ ಮಾತಿಗೂ ಸಂಬಂಧವಿದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಆ ಸಂಬಂಧವನ್ನು ಮುಚ್ಚಿಟ್ಟುಕೊಂಡು ನಮ್ಮ ಐಸಿಯುಗಳು ನಡೆಯುತ್ತಿವೆ ಎಂಬುದು ನನ್ನ ತಕರಾರು. ಅದು ಗೊತ್ತಿಲ್ಲದೆ ಆಗುತ್ತಿರುವ ತಪ್ಪಲ್ಲ. ಇಪ್ಪತ್ತು ವರ್ಷಗಳಿಂದ ಬರೆದಿಟ್ಟಿರುವ ತಿಳಿವಳಿಕೆಯನ್ನು ಬಾಗಿಲ ಹೊರಗೆ ನಿಲ್ಲಿಸಿದ ತಪ್ಪು.

ಆ ರಾತ್ರಿಯ ‘ಇರಿಟೇಬಲ್’ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಡೆಲಿರಿಯಂ ಎಂಬ ಹೆಸರಿದೆ. ನಮ್ಮ ಅಜ್ಜಿಯಂದಿರು ಅದನ್ನು ಸನ್ನಿ ಎನ್ನುತ್ತಿದ್ದರು. ಆಯುರ್ವೇದದ ಸನ್ನಿಪಾತದಿಂದ ಬಂದ ಪದ ಅದು. ಜ್ವರ ನೆತ್ತಿಗೇರಿದಾಗ ಸತ್ತವರನ್ನು ಕರೆಯುವುದು, ಎದ್ದು ಓಡಲು ಹೋಗುವುದು, ಗೊತ್ತಿರುವವರ ಗುರುತು ಹತ್ತದಿರುವುದು, ಬಡಬಡಿಸುವುದು ಎಲ್ಲಕ್ಕೂ ಆ ಒಂದೇ ಪದ. ಪಾವಗಡದ ಕಡೆ ತೆಲುಗು ಮನೆಮಾತಿನವರು ಇದನ್ನೇ ಸಂಧಿ ಎನ್ನುತ್ತಾರೆ. ಪದದ ಜೊತೆಗೆ ಒಂದು ಕಟ್ಟಳೆಯೂ ಇತ್ತು. ಸನ್ನಿ ಹಿಡಿದವರನ್ನು ಒಂಟಿ ಬಿಡಬಾರದು. ಪಕ್ಕದಲ್ಲಿ ಒಬ್ಬರು ಕೂತಿರಬೇಕು, ಮಾತಾಡಿಸುತ್ತಿರಬೇಕು. ಅಂದಿನ ಔಷಧಿಯ ಬಗ್ಗೆ ನನಗೆ ಯಾವ ಭ್ರಮೆಯೂ ಇಲ್ಲ. ಸನ್ನಿ ಎಂದರೆ ಸಾವು ಹತ್ತಿರ ಎಂದೇ ಆಗ ಅರ್ಥ. ಆದರೆ ಪಕ್ಕದಲ್ಲಿ ಕೂರಬೇಕೆಂಬ ಆ ಭಾಗವನ್ನು ಇಂದಿನ ಸಂಶೋಧನೆ ಸುಳ್ಳೆಂದು ತೋರಿಸಿಲ್ಲ. ಡೆಲಿರಿಯಂ ತಡೆಯಲು ಅದು ಹೇಳುವ ಕ್ರಮಗಳಲ್ಲಿ ಮನೆಯವರೂ ಇದ್ದಾರೆ. ಕೂರುವವರನ್ನು ಎಬ್ಬಿಸಿ ಕಳಿಸಿದ್ದು ಸಂಶೋಧನೆಯಲ್ಲ, ಆಸ್ಪತ್ರೆಯ ವೇಳಾಪಟ್ಟಿ.

ಡೆಲಿರಿಯಂ ಎಂದರೆ ಹುಚ್ಚಲ್ಲ, ಮುಪ್ಪಿನ ಮರೆವೂ ಅಲ್ಲ. ಮರೆವು ವರ್ಷಗಳಲ್ಲಿ ಬರುತ್ತದೆ, ಇದು ಗಂಟೆಗಳಲ್ಲಿ ಬರುತ್ತದೆ. ಬೆಳಿಗ್ಗೆ ಸರಿಯಿದ್ದವರು ಸಂಜೆಗೆ ತಪ್ಪುತ್ತಾರೆ, ಮಧ್ಯೆ ಒಮ್ಮೆ ಸರಿಹೋಗಿ ಮತ್ತೆ ತಪ್ಪುತ್ತಾರೆ. ಮುಖ್ಯವಾಗಿ ಗಮನ ನಿಲ್ಲುವುದಿಲ್ಲ. ಸೋಂಕು, ಆಮ್ಲಜನಕದ ಕೊರತೆ, ರಕ್ತದಲ್ಲಿ ಸೋಡಿಯಂ ಏರುಪೇರು, ಕಟ್ಟಿಕೊಂಡ ಮೂತ್ರ, ಹೇಳಲಾಗದ ನೋವು, ಕೆಲವು ಔಷಧಿಗಳು, ನಿದ್ದೆಗೇಡು ಹೀಗೆ ಕಾರಣಗಳು ಹಲವು. ಅಂದರೆ ಇದು ಮಿದುಳು ಕೂಗಿ ಹೇಳುತ್ತಿರುವ ಎಚ್ಚರಿಕೆ. ಮೂತ್ರಪಿಂಡ ಕೆಲಸ ನಿಲ್ಲಿಸಿದರೆ ನಾವು ಅದನ್ನು ‘ಅಡ್ಜಸ್ಟ್ ಆಗ್ತಿಲ್ಲ’ ಎನ್ನುವುದಿಲ್ಲ. ಮಿದುಳು ನಿಲ್ಲಿಸಿದರೆ ಮಾತ್ರ ಎನ್ನುತ್ತೇವೆ.

ಕೂಗಾಡುವ ಸನ್ನಿಯಾದರೂ ಕಣ್ಣಿಗೆ ಬೀಳುತ್ತದೆ. ಸುಮ್ಮನಿರುವ ಸನ್ನಿ ಯಾರ ಕಣ್ಣಿಗೂ ಬೀಳುವುದಿಲ್ಲ. ರೋಗಿ ಕಣ್ಣು ಅರೆತೆರೆದು ಮಲಗಿರುತ್ತಾರೆ, ಕರೆದರೆ ನಿಧಾನವಾಗಿ ತಿರುಗುತ್ತಾರೆ, ಊಟ ಬೇಡ ಎನ್ನುತ್ತಾರೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಹೊರಗೆ ಕಾದವರಿಗೆ ‘ಆರಾಮಾಗಿ ಮಲಗಿದ್ದಾರೆ’ ಎಂಬ ಶುಭ ಸಮಾಚಾರ ಬರುತ್ತದೆ. ಒಳಗೆ ಆ ಮನುಷ್ಯ ಯಾವುದೋ ಜೈಲಿನಲ್ಲಿ ತನ್ನನ್ನು ಕೂಡಿಹಾಕಿದ್ದಾರೆಂದು, ಕೊಲ್ಲಲು ಸಂಚು ನಡೆದಿದೆಯೆಂದು ನಂಬಿ ಹೆದರಿ ಮಲಗಿರಬಹುದು. ಐಸಿಯುನಿಂದ ಬದುಕಿ ಬಂದ ಎಷ್ಟೋ ಮಂದಿ ಇಂಥದ್ದನ್ನು ಯಾವಾಗಲೋ ಒಮ್ಮೆ ಪಿಸುಗುಟ್ಟಿ ಹೇಳುತ್ತಾರೆ. ಹೆಚ್ಚಿನವರು ಹೇಳುವುದೇ ಇಲ್ಲ. ತಲೆಕೆಟ್ಟಿದೆ ಎಂದಾರು, ಗಾಳಿ ಸೋಕಿದೆ ಎಂದು ಮಂತ್ರ ಹಾಕಿಸಲು ಕರೆದೊಯ್ದಾರು ಎಂಬ ನಾಚಿಕೆ.

ಇದು ಅಪರೂಪದ ತೊಂದರೆಯೇ? ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೆಸ್ಲಿ ಈಲಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೆಂಟಿಲೇಟರ್ ಹಾಕಿದ್ದ 224 ರೋಗಿಗಳ ಪೈಕಿ 183 ಮಂದಿಗೆ ಡೆಲಿರಿಯಂ ಬಂದಿತ್ತು. ಆರು ತಿಂಗಳೊಳಗೆ ತೀರಿಕೊಂಡವರನ್ನು ಲೆಕ್ಕ ಹಾಕಿದರೆ ಡೆಲಿರಿಯಂ ಬಂದವರಲ್ಲಿ ಶೇ. 34, ಬಾರದವರಲ್ಲಿ ಶೇ. 15. ನಮ್ಮ ದೇಶದಲ್ಲಿ ಚಂಡೀಗಢದ ಪಿಜಿಐ ಸಂಸ್ಥೆಯ ಉಸಿರಾಟದ ಐಸಿಯುನಿಂದ 2012ರಲ್ಲಿ ಬಂದ ವರದಿಯಲ್ಲೂ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಡೆಲಿರಿಯಂ ಕಂಡಿತ್ತು. ಎರಡರಲ್ಲಿ ಒಂದು ಹಾಸಿಗೆಗೆ ಬರುವ ತೊಂದರೆಯ ಹೆಸರನ್ನು ಆ ಹಾಸಿಗೆಗೆ ಹಣ ಕಟ್ಟುವವರು ಕೇಳಿಯೇ ಇಲ್ಲವೆಂದರೆ ಏನನ್ನುವುದು?

ಬದುಕಿ ಮನೆಗೆ ಬಂದವರ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಪ್ರತೀಕ್ ಪಂಢರಿಪಾಂಡೆ ಮತ್ತು ಸಂಗಡಿಗರು 821 ರೋಗಿಗಳನ್ನು ಅನುಸರಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದಿಷ್ಟು: ಬದುಕುಳಿದು ಪರೀಕ್ಷೆಗೆ ಬಂದವರಲ್ಲಿ ವರ್ಷದ ನಂತರವೂ ಮೂವರಲ್ಲಿ ಒಬ್ಬರ ಯೋಚನಾಶಕ್ತಿ ತಲೆಗೆ ಸಾಧಾರಣ ಮಟ್ಟದ ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು. ನಾಲ್ವರಲ್ಲಿ ಒಬ್ಬರದು ಆರಂಭದ ಆಲ್‌ಝೈಮರ್ ರೋಗಿಯ ಮಟ್ಟದಲ್ಲಿತ್ತು. ಮುದುಕರಲ್ಲಿ ಮಾತ್ರವಲ್ಲ, ಚಿಕ್ಕ ವಯಸ್ಸಿನವರಲ್ಲೂ. ಡೆಲಿರಿಯಂ ಹೆಚ್ಚು ದಿನ ಇದ್ದಷ್ಟೂ ಈ ನಷ್ಟ ಹೆಚ್ಚು.

ಇದನ್ನು ನಮ್ಮ ವೈ.ಎನ್.ಹೊಸಕೋಟೆಗೆ ತಂದು ನೋಡಿ. ಇದು ರೇಷ್ಮೆ ಸೀರೆಯ ಮಗ್ಗದ ಊರು. ಮಗ್ಗದ ಮೇಲೆ ಕೂತವರಿಗೆ ಕಣ್ಣು ಕೈ ಎಷ್ಟು ಬೇಕೋ ಗಮನ ಅದಕ್ಕಿಂತ ಹೆಚ್ಚು ಬೇಕು. ಹಾಸಿನಲ್ಲಿ ಒಂದು ಎಳೆ ತುಂಡಾದದ್ದು ತಕ್ಷಣ ಗೊತ್ತಾಗಬೇಕು, ಅಂಚಿನ ಜರಿಯ ಲೆಕ್ಕ ತಪ್ಪಬಾರದು, ಎಲ್ಲಿಗೆ ನಿಲ್ಲಿಸಿದ್ದೆ ಎಂಬುದು ಮಧ್ಯಾಹ್ನದ ಊಟ ಮುಗಿಸಿ ಬಂದಾಗಲೂ ನೆನಪಿರಬೇಕು. ಶ್ವಾಸಕೋಶ ಸರಿಹೋಯಿತು, ಕಿಡ್ನಿ ಸರಿಹೋಯಿತು ಎಂದು ಡಿಸ್‌ಚಾರ್ಜ್ ಚೀಟಿ ಬರೆದುಕೊಡುತ್ತಾರೆ. ಆ ಮನುಷ್ಯ ಮನೆಗೆ ಬಂದು ಮಗ್ಗದ ಮುಂದೆ ಕೂತಾಗ ಎಳೆ ಎಣಿಸಲಾಗದಿದ್ದರೆ ಅದನ್ನು ಬರೆಯಲು ಆ ಚೀಟಿಯಲ್ಲಿ ಜಾಗವೇ ಇಲ್ಲ. ಸೀರೆಗೆ ಲೆಕ್ಕ ಹಾಕಿ ಕೂಲಿ ಪಡೆಯುವ ಮನೆಯಲ್ಲಿ ಇದು ಬರೀ ಆರೋಗ್ಯದ ಪ್ರಶ್ನೆಯಲ್ಲ, ಒಲೆ ಉರಿಯುವ ಪ್ರಶ್ನೆ. ಮನೆಯವರು ‘ಆಸ್ಪತ್ರೆಯಿಂದ ಬಂದ ಮೇಲೆ ಯಾಕೋ ಮೊದಲಿನ ಹಾಗಿಲ್ಲ’ ಎನ್ನುತ್ತಾರೆ. ಅವರಿಗೆ ಗೊತ್ತಾದದ್ದು ಸರಿ, ಕಾರಣವನ್ನು ಮಾತ್ರ ಯಾರೂ ಹೇಳಿಲ್ಲ.

ಮಗ್ಗದ ಮಾತು ಬಂದದ್ದಕ್ಕೆ ಒಂದು ಘಟನೆ. ನಮ್ಮ ತಾತ ನೇಕಾರರು. ನ್ಯುಮೋನಿಯಾ ಆಗಿ ದೂರದ ಊರಿನ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದರು. ಮೂರನೇ ಸಂಜೆ ನನ್ನ ಸರದಿ ಬಂದು ಒಳಗೆ ಹೋದಾಗ ಅವರ ಎರಡೂ ಮಣಿಕಟ್ಟುಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಬೆರಳುಗಳು ಮಾತ್ರ ನಿಂತಿರಲಿಲ್ಲ. ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಉಜ್ಜಿ ಏನನ್ನೋ ಹೊಸೆಯುತ್ತಿದ್ದವು. ‘ಯಾವಾಗಲೂ ಏನೋ ಕೀಳೋಕೆ ನೋಡ್ತಾರೆ’ ಅಂದರು ಸಿಸ್ಟರ್. ತಾತ ಏನನ್ನೂ ಕೀಳುತ್ತಿರಲಿಲ್ಲ. ಮುಗಿದ ಹಾಸಿನ ಎಳೆಗೆ ಹೊಸ ಹಾಸಿನ ಎಳೆ ಸೇರಿಸಿ ಹೊಸೆಯುತ್ತಿದ್ದರು. ಹೊಸಕೋಟೆಯ ಯಾವ ಮಗುವನ್ನು ಕರೆದು ತೋರಿಸಿದ್ದರೂ ಹೇಳುತ್ತಿತ್ತು. ‘ಚಾಲು ತಾತಾ, ಮಿಗಿಲಿಂದಿ ರೇಪು ಚೂಸುಕುಂದಾಂ’ ಎಂದೆ. ಸಾಕು ತಾತ, ಉಳಿದದ್ದು ನಾಳೆ ನೋಡೋಣ. ಬೆರಳು ನಿಂತವು. ಎಷ್ಟು ಹೊತ್ತು ನಿಂತವೋ ನಾನು ಕಾಣೆ, ಗಾರ್ಡ್ ಬಂದು ಸಮಯ ಆಯಿತು ಎಂದ.

ಇದನ್ನು ಪವಾಡವೆಂದು ಹೇಳುತ್ತಿಲ್ಲ. ಒಬ್ಬ ಮೊಮ್ಮಗನ ಒಂದು ಮಾತಿನಿಂದ ಡೆಲಿರಿಯಂ ವಾಸಿಯಾಗುವುದಿಲ್ಲ. ಹಳೆಯ ವೈದ್ಯರು ಇಂಥ ಸ್ಥಿತಿಯನ್ನು ಗುರುತಿಸಿದ್ದರು. ರೋಗಿ ತನ್ನ ಕಸುಬಿನ ಕೈಚಲನೆಯನ್ನೇ ಹಾಸಿಗೆಯಲ್ಲಿ ಮಾಡುವುದಕ್ಕೆ ಕಸುಬಿನ ಸನ್ನಿ ಎಂಬರ್ಥದ ಹೆಸರೇ ಇತ್ತು. ನಾನು ಹೇಳುತ್ತಿರುವುದು ಅದಕ್ಕಿಂತ ಸಣ್ಣದು, ಆದರೆ ತಳ್ಳಿಹಾಕಲಾಗದ್ದು. ಆ ಕೋಣೆಯಲ್ಲಿದ್ದ ಲಕ್ಷಾಂತರ ರೂಪಾಯಿಯ ಯಂತ್ರಗಳಿಗೆ ತಿಳಿಯದ ಒಂದು ಸಂಗತಿ ಹೊರಗೆ ಬೆಂಚಿನ ಮೇಲೆ ಕೂತವರಿಗೆ ತಿಳಿದಿತ್ತು. ಅದನ್ನು ಯಾರೂ ಕೇಳಲಿಲ್ಲ.

ಡೆಲಿರಿಯಂನ ವ್ಯಾಖ್ಯಾನದಲ್ಲೇ ಮನೆಯವರಿದ್ದಾರೆ ಎಂಬುದನ್ನು ಗಮನಿಸಬೇಕು. ರೋಗಿ ಮೊದಲು ಹೇಗಿದ್ದರೋ ಅದರಿಂದ ತಟ್ಟನೆ ಬದಲಾದರೇ ಎಂಬುದು ಪರೀಕ್ಷೆಯ ಮೊದಲ ಪ್ರಶ್ನೆ. ಮೊದಲು ಹೇಗಿದ್ದರು ಎಂದು ಡ್ಯೂಟಿ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಇವರು ಮೊದಲಿನಿಂದಲೂ ಮಿತಭಾಷಿಯೋ, ಎಡಗಿವಿ ಕೇಳಿಸುವುದಿಲ್ಲವೋ, ಓದು ಬರಹ ಬಾರದೋ, ದಿನಾ ಕುಡಿಯುತ್ತಿದ್ದರೋ ಎಂಬುದು ಕೇಸ್ ಶೀಟಿನಲ್ಲಿ ಇರುವುದಿಲ್ಲ. ಐಸಿಯುಗೆಂದೇ ಈಲಿಯವರ ತಂಡ 2001ರಲ್ಲಿ ಸಿದ್ಧಪಡಿಸಿದ ಸರಳ ಪರೀಕ್ಷೆಯಿದೆ. ವೆಂಟಿಲೇಟರ್ ಹಾಕಿದ, ಮಾತಾಡಲಾಗದ ರೋಗಿಗೂ ಕೆಲವೇ ನಿಮಿಷದಲ್ಲಿ ಮಾಡಬಹುದು. ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾ ಹೋಗಿ, ಒಂದು ನಿರ್ದಿಷ್ಟ ಅಕ್ಷರ ಕೇಳಿದಾಗ ಮಾತ್ರ ಕೈ ಒತ್ತಲು ಹೇಳುತ್ತಾರೆ. ಕಲ್ಲು ನೀರಿನಲ್ಲಿ ತೇಲುತ್ತದೆಯೇ ಎಂಬಂಥ ಹೌದು-ಅಲ್ಲ ಪ್ರಶ್ನೆ ಕೇಳುತ್ತಾರೆ. ಇದನ್ನು ಮಾಡಲು ಸ್ಕ್ಯಾನ್ ಬೇಡ, ಲ್ಯಾಬ್ ಬೇಡ. ರೋಗಿಗೆ ಅರ್ಥವಾಗುವ ಭಾಷೆಯೊಂದು ಬೇಕು.

ಅಲ್ಲಿಗೆ ಗಡಿಯ ಪ್ರಶ್ನೆ ಬರುತ್ತದೆ. ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದರೂ ಸುತ್ತ ಬಹುಪಾಲು ಆಂಧ್ರವೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಮತ್ತು ಕಚೇರಿಯಲ್ಲಿ ಕನ್ನಡ. ಶಾಲೆಗೆ ಹೋಗದ ಹಿರಿಯರಿಗೆ ಕನ್ನಡವೂ ಅಷ್ಟಕ್ಕಷ್ಟೆ. ಹೊಸಕೋಟೆಯವರಿಗೆ ಜೋರಾದ ಕಾಯಿಲೆ ಬಂದರೆ ನೂರು ಕಿಲೋಮೀಟರಿಗೂ ದೂರದ ತುಮಕೂರು, ಅದಕ್ಕೂ ಆಚೆಯ ಬೆಂಗಳೂರು, ಇಲ್ಲವೆಂದರೆ ಗಡಿ ದಾಟಿ ಅನಂತಪುರ. ಬೆಂಗಳೂರಿನ ದೊಡ್ಡ ಐಸಿಯುನಲ್ಲಿ ಸಿಸ್ಟರ್ ಕೇರಳದವರಿರಬಹುದು, ಡಾಕ್ಟರು ಉತ್ತರದವರಿರಬಹುದು. ಅವರ ಕೆಲಸದ ಬಗ್ಗೆ ನನ್ನ ತಕರಾರಿಲ್ಲ, ಅವರಿಲ್ಲದೆ ನಮ್ಮ ಆಸ್ಪತ್ರೆಗಳು ಒಂದು ದಿನ ನಡೆಯಲಾರವು. ಆದರೆ ಕನ್ನಡಕವಿಲ್ಲದೆ, ಗಡಿಯಾರವಿಲ್ಲದೆ, ಹಗಲು ರಾತ್ರಿ ಒಂದೇ ಬೆಳಕಿನ ಕೆಳಗೆ, ಅರ್ಥವಾಗದ ಮೂರು ಭಾಷೆಗಳ ನಡುವೆ ಮಲಗಿದ ಎಪ್ಪತ್ತು ವರ್ಷದವರಿಗೆ ‘ಓರಿಯೆಂಟೇಷನ್ ಇಲ್ಲ’ ಎಂದು ಬರೆಯುವ ಮೊದಲು ಯಾವುದಕ್ಕೆ ಓರಿಯೆಂಟ್ ಆಗಬೇಕಿತ್ತು ಎಂದು ಕೇಳಬಾರದೇ? ಆರೋಗ್ಯವಂತನನ್ನೇ ಮೂರು ದಿನ ಹಾಗೆ ಮಲಗಿಸಿ ನೋಡಿ.

ಇದಕ್ಕೆ ಮದ್ದೇನು? ಆಸ್ಪತ್ರೆಗೆ ತಕ್ಷಣ ನೆನಪಾಗುವುದು ಇಂಜೆಕ್ಷನ್. ಅದರ ಬಗ್ಗೆಯೂ ಸಂಶೋಧನೆ ಸ್ಪಷ್ಟವಾಗಿದೆ. ಡೆಲಿರಿಯಂ ಬಂದ ಐಸಿಯು ರೋಗಿಗಳಿಗೆ ಹಾಲೊಪೆರಿಡಾಲ್ ಕೊಟ್ಟು ನೋಡಿದ ದೊಡ್ಡ ಅಮೆರಿಕನ್ ಪ್ರಯೋಗ 2018ರಲ್ಲಿ ಪ್ರಕಟವಾಯಿತು. 566 ರೋಗಿಗಳು. ಔಷಧಿ ಕೊಟ್ಟವರಲ್ಲಿ ಡೆಲಿರಿಯಂ ಬರೀ ಉಪ್ಪುನೀರು ಕೊಟ್ಟವರಿಗಿಂತ ಬೇಗ ಇಳಿಯಲಿಲ್ಲ. ಅದೇ ವರ್ಷ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ಬಗೆಯ ಔಷಧಿಗಳನ್ನು ರೂಢಿಯಾಗಿ ಕೊಡಬೇಡಿ ಎಂದಿತು. ಇನ್ನು ಮಲಗಿಸಲು ಕೊಡುವ ಮಿಡಾಜೋಲಂ, ಲೋರಾಜೆಪಾಂ ಜಾತಿಯ ಔಷಧಿಗಳು ಡೆಲಿರಿಯಂ ತಗ್ಗಿಸುವ ಬದಲು ಹೆಚ್ಚಿಸುತ್ತವೆ. 14 ದೇಶಗಳ 2,088 ಕೋವಿಡ್ ಐಸಿಯು ರೋಗಿಗಳ ಅಧ್ಯಯನ 2021ರಲ್ಲಿ ಬಂತು. ಅದರಲ್ಲಿ ಈ ಔಷಧಿಗಳನ್ನು ಡ್ರಿಪ್ಪಿನಲ್ಲಿ ಪಡೆದವರಿಗೆ ಡೆಲಿರಿಯಂ ಸಾಧ್ಯತೆ ಶೇ. 59ರಷ್ಟು ಹೆಚ್ಚಿತ್ತು. ಮನೆಯವರ ಭೇಟಿ, ಫೋನಿನ ಪರದೆಯ ಮೇಲಾದರೂ ಸರಿ, ಸಿಕ್ಕವರಿಗೆ ಶೇ. 27ರಷ್ಟು ಕಡಿಮೆಯಿತ್ತು. ಒಂದು ಕೋಷ್ಟಕದಲ್ಲಿ ಅಕ್ಕಪಕ್ಕ ಕೂತ ಈ ಎರಡು ಅಂಕಿಗಳಲ್ಲಿ ನಮ್ಮ ಐಸಿಯುಗಳು ಯಾವುದನ್ನು ಆರಿಸಿಕೊಂಡಿವೆ ಎಂದು ಹೇಳಬೇಕಾಗಿಲ್ಲ.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು, ಅವು ನಮ್ಮ ಸೀಮೆಗೆ ಹತ್ತಿರದವು. ದಿನಾ ಕುಡಿಯುವವರು ಆಸ್ಪತ್ರೆ ಸೇರಿ ಕುಡಿತ ತಟ್ಟನೆ ನಿಂತಾಗ ಬರುವ ಸನ್ನಿ ಬೇರೆ. ಅದಕ್ಕೆ ಇದೇ ಲೋರಾಜೆಪಾಂ ಜಾತಿಯ ಔಷಧಿ ಬೇಕೇ ಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ. ಎರಡನೆಯದು ಕೀಟನಾಶಕ. ಬೆಳೆ ಕೈಕೊಟ್ಟ ವರ್ಷ ಹೊಲದ ಔಷಧಿ ಕುಡಿದವರನ್ನು ಉಳಿಸಲು ಅಟ್ರೋಪಿನ್ ಕೊಡುತ್ತಾರೆ. ಆ ಅಟ್ರೋಪಿನ್ ಹೆಚ್ಚಾದರೆ ಅದೇ ಸನ್ನಿ ತರಿಸುತ್ತದೆ. ಬಾಯಿ ಒಣಗಿ, ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾ ಕೂಗಾಡುತ್ತಾರೆ. ಅದನ್ನು ‘ಸಾಯೋಕೆ ಹೋದವನ ಹುಚ್ಚು’ ಎಂದು ಓದಿದರೆ ರೋಗಿಗೆ ಎರಡು ಸಲ ಅನ್ಯಾಯ. ಇವೆರಡನ್ನೂ ಬೇರ್ಪಡಿಸಿ ನೋಡಲು ಮತ್ತೆ ಬೇಕಾದದ್ದು ಅದೇ: ಹೊರಗೆ ಕೂತವರನ್ನು ಕರೆದು ಎರಡು ಪ್ರಶ್ನೆ ಕೇಳುವುದು.

ಔಷಧಿಯಿಲ್ಲದ ಮದ್ದು ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಶರೋನ್ ಇನೌಯೆ 1999ರಲ್ಲೇ ತೋರಿಸಿದರು. 70 ದಾಟಿದ 852 ರೋಗಿಗಳು, ಐಸಿಯು ಅಲ್ಲ, ಸಾಮಾನ್ಯ ವಾರ್ಡು. ಅರ್ಧದಷ್ಟು ಮಂದಿಗೆ ಕನ್ನಡಕ ಹಾಕಿಸಿದರು, ಕಿವಿ ಕೇಳಿಸುವಂತೆ ಮಾಡಿದರು, ಇವತ್ತು ಯಾವ ದಿನ, ಎಲ್ಲಿದ್ದೀರಿ ಎಂದು ಹೇಳುತ್ತಾ ಬಂದರು, ಎಬ್ಬಿಸಿ ನಡೆಸಿದರು, ನೀರು ಕುಡಿಸಿದರು, ರಾತ್ರಿ ಸದ್ದು ತಗ್ಗಿಸಿ ನಿದ್ದೆಗೆ ಬಿಟ್ಟರು. ಡೆಲಿರಿಯಂ ಶೇ. 15ರಿಂದ ಶೇ. 9.9ಕ್ಕೆ ಇಳಿಯಿತು. ಐಸಿಯುನಲ್ಲಿ, ವೆಂಟಿಲೇಟರ್ ಹಾಕಿದವರಲ್ಲೇ, ಮಲಗಿಸುವ ಔಷಧಿಯನ್ನು ದಿನಕ್ಕೊಮ್ಮೆ ನಿಲ್ಲಿಸಿ, ಬೇಗ ಎಬ್ಬಿಸಿ ಕೂರಿಸಿ ವ್ಯಾಯಾಮ ಮಾಡಿಸಿದ 2009ರ ಪ್ರಯೋಗದಲ್ಲಿ ಡೆಲಿರಿಯಂ ನಾಲ್ಕು ದಿನದಿಂದ ಎರಡು ದಿನಕ್ಕೆ ಇಳಿಯಿತು. ಮೊದಲ ದಿನ ಬಾಗಿಲಲ್ಲಿ ಕೈಗಿಟ್ಟ ಚೀಲವನ್ನು ಈಗ ನೆನಪಿಸಿಕೊಳ್ಳಿ. ಕಣ್ಣು, ಕಿವಿ, ಹೊತ್ತು, ಮಾತು. ತಡೆಯುವ ಸಾಮಾನುಗಳನ್ನೇ ಕಟ್ಟಿ ಹೊರಗೆ ಕೊಟ್ಟು ಕಳಿಸಿದ್ದಾರೆ, ರಸೀದಿಗೆ ನಾವು ಸಹಿ ಹಾಕಿದ್ದೇವೆ.

ಕೈ ಕಟ್ಟುವ ಬಗ್ಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 97ನೇ ಕಲಮಿನ ಪ್ರಕಾರ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯನ್ನು ಕಟ್ಟಬೇಕಾದರೆ ಬೇರೆ ದಾರಿಯಿಲ್ಲದ ತಕ್ಷಣದ ಅಪಾಯ ಇರಬೇಕು, ಮನೋವೈದ್ಯರ ಒಪ್ಪಿಗೆ ಇರಬೇಕು, ಕಾರಣ ದಾಖಲಾಗಬೇಕು, ರೋಗಿ ಆರಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಯಾಗಿ ಕಟ್ಟುವಂತೆಯೇ ಇಲ್ಲ. ಇದು ಮನೋರೋಗಿಗಳು ದಶಕಗಳ ಕಾಲ ಸರಪಳಿ ಹೊತ್ತು ಗಳಿಸಿದ ಹಕ್ಕು. ಅದೇ ಊರಿನ ಮತ್ತೊಂದು ಆಸ್ಪತ್ರೆಯ ಐಸಿಯುನಲ್ಲಿ, ಮಿದುಳು ತಾತ್ಕಾಲಿಕವಾಗಿ ಕೈಕೊಟ್ಟ ನ್ಯುಮೋನಿಯಾ ರೋಗಿಗೆ ಆ ಕಲಮಿನ ರಕ್ಷಣೆ ತಲುಪುವುದಿಲ್ಲ. ರಾತ್ರಿ ಪಾಳಿಯ ಬ್ಯಾಂಡೇಜ್ ಬಟ್ಟೆ ಸಾಕು. ಉಸಿರಿನ ಟ್ಯೂಬು ಕಿತ್ತುಕೊಂಡರೆ ಪ್ರಾಣ ಹೋದೀತು ಎಂಬುದು ನಿಜ, ಕೆಲವೊಮ್ಮೆ ಕಟ್ಟಬೇಕಾಗಬಹುದು. ಆದರೆ ಯಾರು ಹೇಳಿದರು, ಎಷ್ಟು ಹೊತ್ತು, ಬೇರೇನು ಮಾಡಿ ನೋಡಿದಿರಿ ಎಂಬುದನ್ನು ಬರೆಯಬೇಕು, ಮನೆಯವರಿಗೆ ತಿಳಿಸಬೇಕು. ಕಟ್ಟುವುದು ಚಿಕಿತ್ಸೆಯಾದರೆ ಅದರ ಲೆಕ್ಕ ಯಾಕಿಲ್ಲ?

ಬಾಗಿಲು ತೆರೆಯಿರಿ ಎಂದಾಗ ಬರುವ ಉತ್ತರಗಳು ನನಗೆ ಗೊತ್ತು. ಮೊದಲನೆಯದು ಸೋಂಕು. ಬ್ರೆಜಿಲ್‌ನ 36 ಐಸಿಯುಗಳಲ್ಲಿ ಇದನ್ನೇ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಒಂದು ಅವಧಿಯಲ್ಲಿ ಭೇಟಿ ಹಳೆಯ ಬಿಗಿ ವೇಳೆಯಲ್ಲಿ, ಮತ್ತೊಂದು ಅವಧಿಯಲ್ಲಿ ದಿನಕ್ಕೆ 12 ಗಂಟೆಯವರೆಗೆ. ಐಸಿಯುನಲ್ಲಿ ಅಂಟಿದ ಸೋಂಕು ಹೆಚ್ಚಾಗಲಿಲ್ಲ, ಸಿಬ್ಬಂದಿಯ ದಣಿವೂ ಗಮನಾರ್ಹವಾಗಿ ಹೆಚ್ಚಾಗಲಿಲ್ಲ. ಮನೆಯವರ ಆತಂಕ, ಖಿನ್ನತೆ ಇಳಿಯಿತು. ನನ್ನ ವಾದಕ್ಕೆ ಅನುಕೂಲವಲ್ಲದ ಫಲಿತಾಂಶವೂ ಅದೇ ಅಧ್ಯಯನದಲ್ಲಿದೆ, ಅದನ್ನು ಮುಚ್ಚಿಡುವುದಿಲ್ಲ. ಡೆಲಿರಿಯಂ ಪ್ರಮಾಣ ಶೇ. 20.1ರ ಬದಲು ಶೇ. 18.9. ಅಂದರೆ ಲೆಕ್ಕಕ್ಕೆ ಬರುವ ವ್ಯತ್ಯಾಸವಿಲ್ಲ. ಮನೆಯವರನ್ನು ಒಳಗೆ ಬಿಟ್ಟ ಮಾತ್ರಕ್ಕೆ ಡೆಲಿರಿಯಂ ಓಡಿಹೋಗುವುದಿಲ್ಲ ಎಂಬುದೇ ಅದರ ಪಾಠ. ಕನ್ನಡಕ, ನಿದ್ದೆ, ನಡೆದಾಟ, ಕಡಿಮೆ ಮಂಪರು, ತನ್ನ ಭಾಷೆ ಎಲ್ಲ ಸೇರಿಯೇ ಕೆಲಸ ಮಾಡಬೇಕು. ಆದರೆ ಬಾಗಿಲು ಮುಚ್ಚಲು ಕೊಡುತ್ತಿದ್ದ ದೊಡ್ಡ ಕಾರಣ ಆ ಅಧ್ಯಯನದಲ್ಲಿ ನಿಲ್ಲಲಿಲ್ಲ. ಲಾಭ ಇನ್ನೂ ಪೂರ್ತಿ ಸಾಬೀತಾಗಿಲ್ಲ ಎನ್ನುವವರು ಮುಚ್ಚಿದ ಬಾಗಿಲಿನ ಲಾಭ ಯಾವಾಗ ಸಾಬೀತಾಯಿತು ಎಂದೂ ಹೇಳಬೇಕಲ್ಲ?

ಎರಡನೆಯ ಉತ್ತರ, ಮನೆಯವರು ಗಲಾಟೆ ಮಾಡುತ್ತಾರೆ. ವೈದ್ಯರ ಮೇಲೆ ಕೈಮಾಡುವುದು ನಡೆದಿದೆ, ಅದಕ್ಕೆಂದೇ ಕರ್ನಾಟಕದಲ್ಲಿ 2009ರಲ್ಲಿ ಕಾಯ್ದೆ ಬಂದಿದೆ, ಅದು ಬೇಕು. ಆದರೆ ಗಲಾಟೆ ಹುಟ್ಟುವುದು ಎಲ್ಲಿ? ಒಳಗೆ ಏನಾಗುತ್ತಿದೆಯೋ ಕಾಣದೆ, ಬಿಲ್ಲು ಮಾತ್ರ ಹೊರಬರುತ್ತಾ, ನಾಲ್ಕನೇ ದಿನ ‘ಸೀರಿಯಸ್’ ಎಂಬ ಒಂದೇ ಪದ ಬಂದಾಗ. ಗಂಟಲಿಗೆ ಟ್ಯೂಬು ಇಟ್ಟುಕೊಂಡ ಅಪ್ಪನ ಪಕ್ಕ ಇಡೀ ದಿನ ಕೂತು ಸಿಸ್ಟರ್ ಪಡುವ ಪಾಡು ನೋಡಿದ ಮಗ ಕಲ್ಲೆತ್ತುವ ಸಾಧ್ಯತೆ ಹೆಚ್ಚೋ, ಬೆಂಚಿನ ಮೇಲೆ ಊಹೆಗಳ ಜೊತೆ ಕೂತವನು ಎತ್ತುವ ಸಾಧ್ಯತೆ ಹೆಚ್ಚೋ?

ಮೂರನೆಯದು ಜಾಗ ಮತ್ತು ಸಿಬ್ಬಂದಿ. ಇದು ನಿಜವಾದ ಕಷ್ಟ. ಹಾಸಿಗೆಗಳ ನಡುವೆ ಸ್ಟೂಲು ಹಾಕುವಷ್ಟೂ ಜಾಗವಿಲ್ಲದ ಐಸಿಯುಗಳಿವೆ, ಒಬ್ಬ ಸಿಸ್ಟರ್ ಮೂರು ನಾಲ್ಕು ರೋಗಿಗಳನ್ನು ನೋಡುವ ರಾತ್ರಿಗಳಿವೆ. ಆದರೆ ಒಂದು ವಿಚಿತ್ರ ನೋಡಿ. ಅದೇ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಸ್ಟ್ರೆಚರ್ ತಳ್ಳುವವರು ಮನೆಯವರು, ಮೂತ್ರದ ಚೀಲ ಖಾಲಿ ಮಾಡುವವರು ಮನೆಯವರು, ಡ್ರಿಪ್ ಮುಗಿಯಿತೆಂದು ಓಡುವವರು ಮನೆಯವರು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಒಯ್ಯುವವರೂ ಅವರೇ. ಅಲ್ಲಿ ಯಾರಿಗೂ ಸೋಂಕಿನ ನೆನಪಾಗುವುದಿಲ್ಲ. ಐಸಿಯು ಬಾಗಿಲಿಗೆ ಬಂದೊಡನೆ ಅದೇ ಜನ ಕೊಳೆಯಾಗುತ್ತಾರೆ. ವಾರ್ಡಿನಲ್ಲಿ ಸಂಬಳವಿಲ್ಲದ ಕೂಲಿ, ಐಸಿಯುನಲ್ಲಿ ಕ್ರಿಮಿ. ಈ ಎರಡು ನಂಬಿಕೆಗಳನ್ನು ಒಂದೇ ಕಟ್ಟಡದಲ್ಲಿ ಇಟ್ಟುಕೊಂಡವರು ವಿಜ್ಞಾನದ ಹೆಸರು ಹೇಳಬಾರದು.

ಹಾಗೆಂದು ಸಿಸ್ಟರ್ ಮಾಡಬೇಕಾದ ಕೆಲಸವನ್ನು ಮನೆಯವರ ತಲೆಗೆ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ‘ಮನೆಯವರು’ ಎಂದರೆ ಕೊನೆಗೆ ಹೆಂಗಸರು. ಸೊಸೆ, ಮಗಳು, ತಂಗಿ. ಹೊಸಕೋಟೆಯಿಂದ ಬಂದು ಹತ್ತು ದಿನ ಕೂತರೆ ಹತ್ತು ದಿನದ ಕೂಲಿ ಹೋಯಿತು, ಊಟ ವಸತಿ ಬೇರೆ. ಈಗಲೂ ಅವರು ಬಂದು ಕೂರುತ್ತಾರೆ, ಕಾರಿಡಾರಿನ ನೆಲದ ಮೇಲೆ ಮಲಗುತ್ತಾರೆ. ಕೂಲಿ ಈಗಲೂ ಹೋಗುತ್ತದೆ. ಹೇಗೂ ಹೋಗುವ ಆ ದಿನಗಳು ರೋಗಿಯ ಪಕ್ಕದಲ್ಲಿ ಕಳೆಯಲಿ ಎಂಬುದಷ್ಟೇ ಕೇಳಿಕೆ. ಬರಲಾಗದವರಿಗೆ ಫೋನು ಇದೆ, ಕೋವಿಡ್ ಕಾಲದಲ್ಲಿ ಮಾಡಿದ್ದನ್ನು ಈಗ ಮಾಡಲು ಅಡ್ಡಿಯೇನು?

ಹಾಗಾದರೆ ಯಾರು ಏನು ಮಾಡಬೇಕು? ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಹೆಸರಿನಲ್ಲಿ ಸರ್ಕಾರ ಆಸ್ಪತ್ರೆಗಳಿಗೆ ಪ್ಯಾಕೇಜ್ ಲೆಕ್ಕದಲ್ಲಿ ಹಣ ಕೊಡುತ್ತದೆ. ಹಣ ಕೊಡುವವರು ಷರತ್ತು ಹಾಕಬಹುದು. ಐಸಿಯುನ ಪ್ರತಿ ಪಾಳಿಯಲ್ಲೂ ಡೆಲಿರಿಯಂ ಪರೀಕ್ಷೆ ಮಾಡಿ ಬರೆಯಬೇಕು, ಕಟ್ಟಿದರೆ ಕಾರಣ ಬರೆಯಬೇಕು, ಡಿಸ್‌ಚಾರ್ಜ್ ಚೀಟಿಯಲ್ಲಿ ಎಷ್ಟು ದಿನ ಡೆಲಿರಿಯಂ ಇತ್ತು ಎಂದು ಕನ್ನಡದಲ್ಲಿ ಇರಬೇಕು. ಖಾಸಗಿ ಆಸ್ಪತ್ರೆಗಳಿಗೆ 2007ರ ಕಾಯ್ದೆಯಿದೆ. 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಸನ್ನದೂ ಸೇರಿತು. ಹಗಲು ಹೊತ್ತು ಮನೆಯವರೊಬ್ಬರು ಪಕ್ಕದಲ್ಲಿರುವ ಹಕ್ಕನ್ನು ಅದರಲ್ಲಿ ಬರೆಯಲಿ. ಗಡಿ ತಾಲ್ಲೂಕುಗಳಿಂದ ರೋಗಿಗಳು ಬರುವ ಆಸ್ಪತ್ರೆಗಳಲ್ಲಿ ನೋವಿದೆಯಾ, ಬಾಯಾರಿದೆಯಾ, ನೀವು ಆಸ್ಪತ್ರೆಯಲ್ಲಿದ್ದೀರಿ, ಇವತ್ತು ಸೋಮವಾರ ಎಂಬಷ್ಟು ಮಾತು ಕನ್ನಡದಲ್ಲೂ ತೆಲುಗಿನಲ್ಲೂ ಉರ್ದುವಿನಲ್ಲೂ ಬರೆದ ಹಾಳೆ ಹಾಸಿಗೆಯ ತಲೆದೆಸೆಗೆ ತೂಗಲಿ. ಅದಕ್ಕೆ ತಗಲುವ ಖರ್ಚು ಒಂದು ಜೆರಾಕ್ಸ್‌ನದು. ಗೋಡೆಗೊಂದು ದೊಡ್ಡ ಗಡಿಯಾರ, ರಾತ್ರಿ ಹತ್ತಕ್ಕೆ ಆರುವ ದೀಪ, ನಡುರಾತ್ರಿ ಮೂರಕ್ಕೆ ಮೈ ಒರೆಸದ ಪಾಳಿ. ಇವುಗಳಿಗೆ ಹೊಸ ಕಟ್ಟಡ ಬೇಕಿಲ್ಲ.

ಸರ್ಕಾರ ಮಾಡುವವರೆಗೂ ಕಾಯಬೇಕಿಲ್ಲ. ಇದನ್ನು ಓದುತ್ತಿರುವವರ ಮನೆಯಲ್ಲಿ ಯಾರಾದರೂ ಐಸಿಯು ಸೇರಿದರೆ ಮೊದಲ ದಿನವೇ ಡಾಕ್ಟರನ್ನು ಕೇಳಿ: ‘ಇವರಿಗೆ ಡೆಲಿರಿಯಂ ಇದೆಯಾ ಅಂತ ದಿನಾ ನೋಡ್ತೀರಾ?’ ಸುಮ್ಮನೆ ಮಲಗಿದ್ದಾರೆ ಎಂದರೆ ಮತ್ತೊಮ್ಮೆ ಕೇಳಿ. ಇವರು ಮೊದಲು ಹೇಗಿದ್ದರು, ಯಾವ ಭಾಷೆ, ಯಾವ ಕಿವಿ, ಎಷ್ಟು ಕುಡಿತ, ಯಾವ ಮಾತ್ರೆ ಎಂದು ಒಂದು ಹಾಳೆಯಲ್ಲಿ ಬರೆದು ಕೇಸ್ ಶೀಟಿಗೆ ಸೇರಿಸಲು ಹೇಳಿ. ಒಳಗೆ ಬಿಟ್ಟಾಗ ಅಳುತ್ತಾ ನಿಲ್ಲಬೇಡಿ. ಹೆಸರು ಹಿಡಿದು ಕರೆಯಿರಿ, ಎಲ್ಲಿದ್ದಾರೆ, ಯಾಕೆ ಬಂದರು, ಇವತ್ತು ಯಾವ ವಾರ, ಊರಲ್ಲಿ ಮಳೆ ಬಂತೋ ಇಲ್ಲವೋ ಹೇಳಿ. ಇಲ್ಲದ್ದು ಕಾಣುತ್ತಿದೆ ಎಂದರೆ ವಾದಿಸಬೇಡಿ, ಹೌದೆಂದೂ ಅನ್ನಬೇಡಿ, ನಾನಿದ್ದೇನೆ ಎನ್ನಿ. ಮನೆಗೆ ಬಂದ ಮೇಲೆ ಲೆಕ್ಕ ತಪ್ಪುತ್ತಿದ್ದರೆ, ಮಾತು ಮರೆಯುತ್ತಿದ್ದರೆ ಸೋಮಾರಿ ಎಂದು ಬೈಯದೆ ಅದನ್ನೂ ಡಾಕ್ಟರಿಗೆ ತಿಳಿಸಿ.

ಮತ್ತೆ, ಬಾಗಿಲಲ್ಲಿ ಆ ಚೀಲ ಕೈಗೆ ಬಂದಾಗ ಸಹಿ ಹಾಕುವ ಮುಂಚೆ ತೆರೆದು ನೋಡಿ. ಚಿನ್ನ ಇಟ್ಟುಕೊಳ್ಳಿ, ಮೊಬೈಲು ಇಟ್ಟುಕೊಳ್ಳಿ. ಕನ್ನಡಕವನ್ನೂ ಕಿವಿಯ ಮಷೀನನ್ನೂ ವಾಪಸ್ ಕೊಟ್ಟು, ಎಚ್ಚರವಿದ್ದಾಗ ಹಾಕಿಸಿ ಎಂದು ಹೇಳಿ. ‘ಕಳೆದುಹೋದರೆ ನಾವು ಜವಾಬ್ದಾರರಲ್ಲ’ ಎನ್ನುತ್ತಾರೆ. ಕನ್ನಡಕ ಕಳೆದರೆ ಪಾವಗಡದಲ್ಲಿ ಇನ್ನೊಂದು ಮಾಡಿಸಬಹುದು ಎಂದು ಉತ್ತರ ಕೊಡಿ.